ಗೋದಡಿ ಹೊಲಿದ ಕೈಗಳು

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯಲು ಹೊರಟವರು ಮೊತ್ತಮೊದಲು ಬಿಚ್ಚಿ ನೋಡುವುದು ಇಗರ್ಜಿಯ ದಫ್ತರಗಳನ್ನು. ಜ್ಞಾನಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜ್ಞಾನಮಾತಾಪಿತರ ಹೆಸರು, ದಿನಾಂಕ, ಗುರುಗಳ ರುಜು ಇವೆಲ್ಲವೂ ಸಿಗುತ್ತವೆ. ಕಟ್ಟಡದ ಲೆಕ್ಕಪುಸ್ತಕದಲ್ಲಿ ಕಲ್ಲು, ಸುಣ್ಣ, ಹಂಚು, ಮರಮಟ್ಟುಗಳ ಬಾಬ್ತುಗಳಿರುತ್ತವೆ. ಆದರೆ ಆ ಮಗುವನ್ನು ಇಗರ್ಜಿಗೆ ಹೊತ್ತು ತಂದಾಗ ಅದರ ಮೈಗೆ ಸುತ್ತಿದ್ದ ಹೊದಿಕೆಯನ್ನು ಹೊಲಿದವರು ಯಾರೆಂಬುದು ಯಾವ ದಫ್ತರದಲ್ಲಿಯೂ ದಾಖಲಾಗಿಲ್ಲ. ಶತಮಾನೋತ್ಸವದ ಈ ಸಂದರ್ಭದಲ್ಲಿ, ದಾಖಲೆಗೆ ಸಿಗದ ಈ ಕೈಗೆಲಸದ ಕುರಿತು ನಾಲ್ಕು ಮಾತುಗಳನ್ನು ಬರೆದಿಡುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಹಳೆಯ ಸೀರೆ ಪಂಚೆಗಳನ್ನು ಪದರಪದರವಾಗಿ ಹಾಸಿ, ಸೂಜಿ ದಾರದಿಂದ ಒಂದಾಗಿ ಹೊಲಿದು ಮಾಡಿದ ಹಾಸು ಹೊದಿಕೆಗೆ ನಮ್ಮ ನಾಡಿನಲ್ಲಿ ಹಲವು ಹೆಸರುಗಳಿವೆ. ಘಟ್ಟದ ಮೇಲಣ ಬಯಲುಸೀಮೆಯವರು ಇದನ್ನು ಕೌದಿ ಎನ್ನುತ್ತಾರೆ. ಮರಾಠಿ, ಕೊಂಕಣಿ ಮಾತಿನವರಿಗೆ ಇದು ಗೋದಡಿ. ಬಂಗಾಳದಲ್ಲಿ ಇದೇ ಕಾಂಥಾ. ಹೆಸರು ಯಾವುದಾದರೂ ಹುಟ್ಟಿನ ಕಾರಣ ಒಂದೇ. ಬಟ್ಟೆ ದುಬಾರಿಯಾಗಿದ್ದ ಕಾಲದಲ್ಲಿ ಹರಿದುದನ್ನು ಎಸೆಯುವ ವಾಡಿಕೆ ಇರಲಿಲ್ಲ. ಉಡಲು ಬಾರದ ಸೀರೆ ಹಾಸಲು ಬರುತ್ತಿತ್ತು. ಹಾಸಲು ಬಾರದ್ದು ತೊಟ್ಟಿಲಿಗೆ ಬರುತ್ತಿತ್ತು. ನೂರಾರು ಸಲ ಒಗೆದು ಮೆತ್ತಗಾದ ಹತ್ತಿಯ ಬಟ್ಟೆಯಷ್ಟು ಹಿತವಾದುದು ಹಸುಗೂಸಿನ ಚರ್ಮಕ್ಕೆ ಬೇರೆ ಇಲ್ಲವೆಂದು ನಮ್ಮ ಅಜ್ಜಿಯರು ಅನುಭವದಿಂದ ಅರಿತಿದ್ದರು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಈ ಕರಾವಳಿ ಪಟ್ಟಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿ. ಆಷಾಢದಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಇಂತಹ ಹವೆಯಲ್ಲಿ ಅರಳೆ ತುಂಬಿದ ದಪ್ಪ ಹೊದಿಕೆ ನೀರು ಹೀರಿ ಬೂಸಲು ಹಿಡಿಯುತ್ತದೆ. ಎರಡು ಮೂರು ಪದರದ ತೆಳು ಗೋದಡಿಯಾದರೋ ಒಲೆಯ ಮೇಲಣ ಹಗ್ಗದ ಬಿಸಿಗೇ ಒಣಗೀತು. ಬಡತನದ ಜೊತೆಗೆ ಮಳೆಯೂ ನಮ್ಮ ಹೊದಿಕೆಯ ರೂಪವನ್ನು ತಿದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು.

ಮಗುವಿನ ಹೊದಿಕೆಯ ಲೆಕ್ಕವನ್ನು ನಾವು ಅಳೆದು ನೋಡಿದೆವು. ಆರು ಗಜದ ಸೀರೆಯೆಂದರೆ ಹನ್ನೆರಡು ಮೊಳ. ಅದನ್ನು ನಡುವೆ ಕತ್ತರಿಸಿದರೆ ಆರಾರು ಮೊಳದ ಎರಡು ತುಂಡು. ಒಂದು ತುಂಡನ್ನು ಮೂರಾಗಿ ಮಡಿಸಿದರೆ ಎರಡು ಮೊಳ ಉದ್ದ, ಎರಡೂವರೆ ಮೊಳ ಅಗಲದ, ಮೂರು ಪದರದ ಒಂದು ಹೊದಿಕೆ ಸಿದ್ಧ. ಹೀಗೆ ಒಂದು ಸೀರೆಯಿಂದ ಎರಡು ಹೊದಿಕೆಗಳು. ಒಂದು ಒದ್ದೆಯಾದಾಗ ಇನ್ನೊಂದು. ಬೆರಳಗಲಕ್ಕೆ, ಎಂದರೆ ಮುಕ್ಕಾಲು ಅಂಗುಲಕ್ಕೆ ಒಂದರಂತೆ ಹೊಲಿಗೆಯ ಸಾಲುಗಳನ್ನು ಹಾಕುತ್ತ ಹೋದರೆ ಅರವತ್ತು ಸಾಲುಗಳಾಗುತ್ತವೆ. ಅಂಗುಲಕ್ಕೆ ಮೂರು ಹೊಲಿಗೆ ಹಿಡಿದರೂ ಒಂದು ಹೊದಿಕೆಯಲ್ಲಿ ಆರು ಸಾವಿರಕ್ಕೂ ಮಿಕ್ಕಿ ಹೊಲಿಗೆಗಳು. ದಿನಕ್ಕೆ ಎರಡು ಸಾಲು ಹೊಲಿದರೆ ಒಂದು ತಿಂಗಳಿಗೆ ಒಂದು ಹೊದಿಕೆ ಮುಗಿಯುತ್ತದೆ. ಚೊಚ್ಚಲು ಬಸುರಿ ಏಳನೆಯ ತಿಂಗಳಲ್ಲಿ ತವರಿಗೆ ಬಂದ ಮೇಲೆ ಹೆರಿಗೆಗೆ ಉಳಿಯುವುದು ಎರಡು ತಿಂಗಳು. ತಾಯಿಯೂ ಮಗಳೂ ಮಾತನಾಡುತ್ತ ಸೂಜಿ ಹಿಡಿದರೆ, ದಿನಕ್ಕೆ ಎರಡೇ ಸಾಲಾದರೂ, ತೊಟ್ಟಿಲಿಗೆ ಬೇಕಾದಷ್ಟು ಆ ಅವಧಿಯಲ್ಲಿ ಆಗಿಹೋಗುತ್ತದೆ.

ಆದರೆ ಆ ಎರಡು ಸಾಲಿಗೆ ಹೊತ್ತು ಎಲ್ಲಿತ್ತು? ಬೆಳಗ್ಗೆ ಹಟ್ಟಿಯ ಕೆಲಸ, ಗಂಜಿಯ ಒಲೆ, ಬಾವಿಯ ನೀರು. ಮಳೆಗಾಲದಲ್ಲಿ ನಟ್ಟಿ, ಸುಗ್ಗಿಯಲ್ಲಿ ಕೊಯ್ಲು. ಬತ್ತ ಬೇಯಿಸುವುದು, ಕುಟ್ಟುವುದು, ಮಡಲು ಹೆಣೆಯುವುದು, ಮೀನು ಹಸನು ಮಾಡುವುದು. ನಡುನಡುವೆ ಮಕ್ಕಳು, ಮುದುಕರು, ನೆಂಟರು. ಸಂಜೆ ಜಪಸರದ ಪ್ರಾರ್ಥನೆ ಮುಗಿಸಿ ಊಟವಾದ ಮೇಲೆ ಚಿಮಿಣಿ ದೀಪದ ಮುಂದೆ ಸಿಗುವ ಒಂದಿಷ್ಟು ಹೊತ್ತೇ ಅವರ ಸ್ವಂತದ್ದು. ಅದೂ ಮಗು ಅತ್ತರೆ ಇಲ್ಲ. ಇಂತಹ ದಿನಚರಿಯ ನಡುವೆ ಗೋದಡಿಯಂತಹ ದೊಡ್ಡ ಕೆಲಸ ಹೇಗೆ ಸಾಗಿತೆಂಬ ಪ್ರಶ್ನೆಗೆ ಉತ್ತರ ಆ ಹೊಲಿಗೆಯ ಗುಣದಲ್ಲಿಯೇ ಇದೆ.

ಗೋದಡಿಯ ಹೊಲಿಗೆ ಸಾದಾ ಹೊಲಿಗೆ. ಎಲ್ಲಿ ಬೇಕಾದರೂ ನಿಲ್ಲಿಸಬಹುದು; ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಎದ್ದು ಹೋಗಬಹುದು. ಹೊಲಿದಷ್ಟು ಬಿಚ್ಚಿಹೋಗುವುದಿಲ್ಲ. ಉಲ್ಲನ್ ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದರೆ ಕೆಳಗಿನ ಸಾಲುಗಳೂ ಬಿಚ್ಚಿಕೊಳ್ಳುತ್ತವೆ. ನೇಯುವುದಕ್ಕೆ ಮಗ್ಗವಿದ್ದ ಜಾಗದಲ್ಲಿಯೇ ಕೂರಬೇಕು. ಗೋದಡಿಗೆ ಇಂತಹ ಕಟ್ಟುಪಾಡಿಲ್ಲ. ಮೂಲೆಯಲ್ಲಿ ಮಡಿಸಿಟ್ಟರೆ ಮೂರು ದಿನವಾದರೂ ಕಾಯುತ್ತದೆ. ಲೆಕ್ಕ ಇಡಬೇಕಾಗಿಲ್ಲ, ನಮೂನೆ ನೋಡಬೇಕಾಗಿಲ್ಲ. ಒಬ್ಬಳು ಬಿಟ್ಟ ಸಾಲನ್ನು ಇನ್ನೊಬ್ಬಳು ಮುಂದುವರಿಸಬಹುದು. ಅತ್ತೆ ಆರಂಭಿಸಿದ್ದನ್ನು ಸೊಸೆ ಮುಗಿಸಬಹುದು. 1970ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಜೂಡಿತ್ ಬ್ರೌನ್ ಅವರು ಹೆಂಗಸರ ಕೆಲಸಗಳ ಕುರಿತು ಬರೆದ ಒಂದು ಚಿಕ್ಕ ಲೇಖನದಲ್ಲಿ ಈ ಸಂಗತಿಯನ್ನೇ ಎತ್ತಿ ತೋರಿಸಿದರು. ಮಕ್ಕಳನ್ನು ನೋಡಿಕೊಳ್ಳುತ್ತಲೇ ಮಾಡಬಹುದಾದ ಕೆಲಸವು ಅಪಾಯವಿಲ್ಲದ್ದೂ, ಮನೆಯ ಹತ್ತಿರದ್ದೂ, ನಡುವೆ ಬಿಟ್ಟು ಮತ್ತೆ ಹಿಡಿಯಲು ಸುಲಭವಾದದ್ದೂ ಆಗಿರುತ್ತದೆಂಬುದು ಅವರ ವಾದದ ತಿರುಳು. ನಮ್ಮ ಅಜ್ಜಿಯರ ಗೋದಡಿ ಆ ಮಾತಿಗೆ ಒಳ್ಳೆಯ ನಿದರ್ಶನ. ಬಿಡುವಿದ್ದವರು ಮಾಡಿದ ಕಲೆ ಇದಲ್ಲ. ಬಿಡುವೇ ಇಲ್ಲದವರು ತಮ್ಮ ದಿನಕ್ಕೆ ಒಪ್ಪುವಂತೆ ರೂಪಿಸಿಕೊಂಡ ಕೆಲಸ.

ಈ ಮಾತನ್ನು ಹಿಡಿದುಕೊಂಡು ನಮ್ಮ ಚರಿತ್ರೆಯನ್ನು ನೋಡೋಣ. ಕುಂದಾಪುರದಲ್ಲಿ ಜಪಸರ ಮಾತೆಯ ಇಗರ್ಜಿ 1570ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಆ ಕಾಲದಲ್ಲಿ ಪೋರ್ಚುಗೀಸರ ಹಡಗುಗಳು ಬಂಗಾಳದಿಂದ ಕಸೂತಿ ತುಂಬಿದ ರೇಷ್ಮೆ ದಾರದ ಗೋದಡಿಗಳನ್ನು ಯೂರೋಪಿಗೆ ಒಯ್ಯುತ್ತಿದ್ದವು. ಕೊಲ್ಚಾ ಎಂದು ಹೆಸರಾದ ಅವು ಇಂದಿಗೂ ಲಿಸ್ಬನ್, ಲಂಡನ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿವೆ. ಅರಸರ ಮನೆಗೆ ಹೋದವು ಉಳಿದುವು. ಬಡವರ ತೊಟ್ಟಿಲಿಗೆ ಹೊಲಿದವು ಉಪಯೋಗಿಸಿ ಸವೆದು ಕೊನೆಗೆ ನೆಲ ಒರಸುವ ಚಿಂದಿಯಾಗಿ ಮುಗಿದುವು. ಆದುದರಿಂದಲೇ ನಮ್ಮ ಗೋದಡಿಗೆ ಬರೆದ ಚರಿತ್ರೆ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಸೂಜಿಗೆ ಶಾಲೆಯ ಪ್ರವೇಶ ದೊರೆಯಿತು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದರು. 1887ರಲ್ಲಿ ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆಯು ಮಂಗಳೂರಿನಲ್ಲಿಯೇ ಹುಟ್ಟಿತು. ಕಾನ್ವೆಂಟ್ ಶಾಲೆಗಳಲ್ಲಿ ಹೆಣ್ಣುಮಕ್ಕಳು ಓದುಬರೆಹದೊಡನೆ ಹೊಲಿಗೆ, ಕಸೂತಿ, ಕ್ರೋಶಾಗಳನ್ನು ಕಲಿತರು. ಪೀಠದ ಬಟ್ಟೆಗೆ ಅಂದವಾದ ಲೇಸು ಹೆಣೆದವರಿಗೆ ಮೆಚ್ಚುಗೆ ಸಿಕ್ಕಿತು. ಪ್ರದರ್ಶನಗಳಲ್ಲಿ ಬಹುಮಾನವೂ ಸಿಕ್ಕಿತು. ಅದು ನ್ಯಾಯವೇ. ಆದರೆ ಅದೇ ಕೈಗಳು ರಾತ್ರಿ ಮನೆಯಲ್ಲಿ ಹೊಲಿದ ಗೋದಡಿಯನ್ನು ಯಾರೂ ಪ್ರದರ್ಶನಕ್ಕೆ ಇಡಲಿಲ್ಲ. ಹಳೆ ಬಟ್ಟೆಯ ಕೆಲಸವೆಂಬ ಸಂಕೋಚ ಅದಕ್ಕೆ ಅಂಟಿಕೊಂಡೇ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಟ್ಟೆಯ ಅಭಾವ ತೀವ್ರವಾಗಿ, 1943ರಲ್ಲಿ ಸರಕಾರವು ಹತ್ತಿಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣದ ಆಜ್ಞೆಯನ್ನು ಹೊರಡಿಸಿತು. ಅಂತಹ ದಿನಗಳಲ್ಲಿ ಮನೆಯ ಮಾನ ಕಾಯ್ದದ್ದು ತೇಪೆ ಹಾಕಬಲ್ಲ ಕೈಗಳೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಹೇಳುತ್ತದೆ. ನಮ್ಮ ತಾಯಂದಿರು ಕಾಲಿನ ಅಳತೆಗೆ ಹಾಸಿಗೆಯನ್ನೇ ತೇಪೆ ಹಚ್ಚಿ ಹಿಗ್ಗಿಸಿದರು.

ಈ ಕೆಲಸ ಸಂಕೋಚಪಡುವಂಥದ್ದಲ್ಲವೆಂದು ತೋರಿಸಿಕೊಟ್ಟವರು ನಮ್ಮ ನೆರೆಯ ಜಿಲ್ಲೆಯ ಸಹೋದರಿಯರು. ಬೈಂದೂರು ದಾಟಿ ಶಿರೂರಿನಾಚೆಗೆ ಉತ್ತರ ಕನ್ನಡ ಆರಂಭವಾಗುತ್ತದೆ. ಹಿಂದೆ ಇವೆಲ್ಲ ಒಂದೇ ಕೆನರಾ ಜಿಲ್ಲೆಯಾಗಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮದ್ರಾಸು ಪ್ರಾಂತ್ಯದಲ್ಲಿಯೇ ಉಳಿಯಿತು. 1956ರಲ್ಲಿ ಮತ್ತೆ ಎರಡೂ ಒಂದೇ ರಾಜ್ಯಕ್ಕೆ ಬಂದುವು. ಆ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡುಗಳ ಕಾಡಿನಂಚಿನಲ್ಲಿ ಸಿದ್ದಿ ಜನಾಂಗದವರು ವಾಸವಾಗಿದ್ದಾರೆ. ಇವರ ಪೂರ್ವಜರು ಆಫ್ರಿಕದಿಂದ ಬಂದವರು. ಹಲವರನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದಿದ್ದರು, ಅಲ್ಲಿಂದ ತಪ್ಪಿಸಿಕೊಂಡು ಬಂದವರು ಈ ಕಾಡುಗಳಲ್ಲಿ ನೆಲೆನಿಂತರು. ಸಿದ್ದಿಯರಲ್ಲಿ ಹಿಂದುಗಳೂ ಮುಸಲ್ಮಾನರೂ ಕಥೋಲಿಕರೂ ಇದ್ದಾರೆ. ಅಲ್ಲಿಯ ಕಥೋಲಿಕರು 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದವರು.

ಸಿದ್ದಿ ಹೆಂಗಸರು ಹೊಲಿಯುವ ಗೋದಡಿಗೆ ಕವಂದಿ ಎಂದು ಹೆಸರು. ಅಡಿಗೆ ಒಂದು ಹಳೆಯ ಸೀರೆಯನ್ನು ಹಾಸಿ, ಬಣ್ಣಬಣ್ಣದ ತುಂಡುಗಳ ಅಂಚನ್ನು ಒಳಮಡಿಸಿ, ಒಂದು ಮೂಲೆಯಿಂದ ಹೊರಟು ನಾಲ್ಕೂ ಬದಿಗಳನ್ನು ಸುತ್ತುತ್ತ ನಡುವಿನ ಕಡೆಗೆ ಹೊಲಿದು ಬರುತ್ತಾರೆ. ಕೊನೆಯ ಹೊಲಿಗೆ ಬೀಳುವುದು ಹೊದಿಕೆಯ ನಟ್ಟನಡುವೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ತ್ರಿಕೋನಗಳನ್ನು ಕೂಡಿಸುತ್ತಾರೆ; ಅವಕ್ಕೆ ಫೂಲ, ಎಂದರೆ ಹೂವು, ಎಂದು ಹೆಸರು. ಈ ಹೂವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಭಾವನೆ. ಕಥೋಲಿಕ ಹೆಂಗಸರು ಕೆಲವೊಮ್ಮೆ ನಡುವೆ ಶಿಲುಬೆಯ ಆಕೃತಿಯನ್ನು ಹೊಲಿಯುವುದುಂಟು. ತೊಟ್ಟಿಲಿನ ಕೂಸಿಗೆ ಚಿಕ್ಕದು, ಮನೆಮಂದಿ ಕೂಡಿ ಮಲಗಲು ದೊಡ್ಡದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಅವರು ಈ ಕೆಲಸವನ್ನು ಅಭ್ಯಸಿಸಿ, ಸಿದ್ದಿ ಮಹಿಳೆಯರು ತಮ್ಮದೇ ಸಹಕಾರಿ ಕೂಟವನ್ನು ಕಟ್ಟಿಕೊಳ್ಳಲು ನೆರವಾದರು. 2011ರಲ್ಲಿ ಇವರ ಕವಂದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡುವು. ಒಲೆ, ಹೊಲ, ಮಕ್ಕಳ ನಡುವೆಯೇ ಹೊಲಿದ ಹಳೆ ಸೀರೆಯ ಹೊದಿಕೆಯನ್ನು ದೂರದೇಶದವರು ಗೌರವದಿಂದ ನಿಂತು ನೋಡಿದರು.

ಇತ್ತ ನಮ್ಮ ಮೂರು ತಾಲೂಕುಗಳಲ್ಲಿ ಗೋದಡಿ ಹಿಂದೆ ಸರಿದುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದು ಬಟ್ಟೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಮನೆಮನೆಗೆ ಬಂದ ಮೇಲೆ ಹಳೆ ಹತ್ತಿಸೀರೆಯ ಗಂಟು ಬರಿದಾಯಿತು. ಹೊಸ ಬಗೆಯ ಸೀರೆ ಬೆವರು ಹೀರುವುದಿಲ್ಲ, ಸೂಜಿಯಡಿಯಲ್ಲಿ ಜಾರುತ್ತದೆ, ಕೂಸಿನ ಮೈಗೆ ಆಗದು. ಎರಡನೆಯದು ಬೀಡಿ. ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವ ಕೆಲಸವೂ ಬಿಟ್ಟು ಹಿಡಿಯಬಹುದಾದದ್ದೇ. ಜೊತೆಗೆ ಸಾವಿರಕ್ಕಿಷ್ಟೆಂದು ಕೂಲಿ ಕೊಡುವಂಥದ್ದು. ಗೋದಡಿಗೆ ಮೀಸಲಾಗಿದ್ದ ಬಿಡಿಹೊತ್ತನ್ನು ಅದು ಕೊಂಡುಕೊಂಡಿತು. ಮಕ್ಕಳ ಶಾಲೆಯ ಫೀಸು, ಪುಸ್ತಕ, ಔಷಧಿಗೆ ಆ ಹಣ ಒದಗಿದುದರಿಂದ ಯಾರನ್ನೂ ದೂರುವಂತಿಲ್ಲ. ಮೂರನೆಯದು 1970ರ ದಶಕದಿಂದೀಚೆಗೆ ಕೊಲ್ಲಿ ರಾಷ್ಟ್ರಗಳಿಗೆ ಹೋದ ನಮ್ಮ ಯುವಕರು ರಜೆಯಲ್ಲಿ ಹೊತ್ತು ತಂದ ಮೆತ್ತನೆಯ ಹೂಚಿತ್ರದ ಕಂಬಳಿಗಳು. ದುಡಿದು ತಂದ ಮಗನ ಪ್ರೀತಿ ಅದರಲ್ಲಿತ್ತು. ಕಪಾಟಿನ ಮೇಲಿನ ಸ್ಥಾನ ಅದಕ್ಕೆ ಸಿಕ್ಕಿತು, ಗೋದಡಿ ಅಟ್ಟಕ್ಕೇರಿತು. ಕೂಡುಕುಟುಂಬಗಳು ಒಡೆದು ಅಜ್ಜಿ ಒಂದೂರಿನಲ್ಲಿ, ಮೊಮ್ಮಗಳು ಇನ್ನೊಂದೂರಿನಲ್ಲಿ ಆದ ಮೇಲೆ, ಪಕ್ಕದಲ್ಲಿ ಕೂತು ನೋಡಿಯೇ ಕಲಿಯಬೇಕಾದ ವಿದ್ಯೆ ಕೈಯಿಂದ ಕೈಗೆ ದಾಟದೆ ನಿಂತಿತು.

ನಷ್ಟವಾದುದು ಹೊದಿಕೆಯೊಂದೇ ಆಗಿದ್ದರೆ ಅಂಗಡಿಯಿಂದ ತುಂಬಿಕೊಳ್ಳಬಹುದಿತ್ತು. ಒಂದು ಮಗು ಹುಟ್ಟುವ ಮೊದಲೇ ಅದನ್ನು ದಿನವೂ ನೆನೆದು ಎರಡು ಸಾಲು ಹೊಲಿಯುವ ತಾಳ್ಮೆಯನ್ನು ಅಂಗಡಿ ಕೊಡಲಾರದು. ಸಂತ ಲೂಕನ ಶುಭಸಂದೇಶವು ಬಾಲಯೇಸುವಿನ ಜನನವನ್ನು ವಿವರಿಸುವಾಗ ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿದ ಸಂಗತಿಯನ್ನು ಬಿಡದೆ ಹೇಳುತ್ತದೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೊಪ್ಪದ ತಬಿಥಾ ತೀರಿಕೊಂಡಾಗ ವಿಧವೆಯರು ಆಕೆ ಮಾಡಿಕೊಟ್ಟ ಉಡುಪುಗಳನ್ನು ತೋರಿಸಿ ಅತ್ತರೆಂದಿದೆ. ನಮ್ಮ ದಫ್ತರಗಳಲ್ಲಿ ಈ ಕೆಲಸಕ್ಕೆ ಜಾಗ ದೊರೆಯದಿದ್ದರೂ ಪವಿತ್ರ ಗ್ರಂಥದಲ್ಲಿ ದೊರೆತಿದೆ.

ಈ ವಿದ್ಯೆಯನ್ನು ಉಳಿಸಿಕೊಳ್ಳಲು ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಅಟ್ಟದ ಮೇಲಿರುವ ಗೋದಡಿಯನ್ನು ಇಳಿಸಿ, ಬಿಸಿಲಿಗೆ ಹಾಕಿ, ಹೊಲಿದವರು ಯಾರು, ಯಾರ ಸೀರೆ, ಯಾವ ಮಗುವಿಗಾಗಿ ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡುವುದು ಮೊದಲ ಕೆಲಸ. ಸೂಜಿ ಹಿಡಿಯಬಲ್ಲ ಅಜ್ಜಿಯರು ಇನ್ನೂ ಇರುವ ವಾಳೆಗಳಲ್ಲಿ ಹುಡುಗಿಯರೂ ಹುಡುಗರೂ ಅವರ ಬಳಿ ಕೂತು ಒಂದು ಚಿಕ್ಕ ಹೊದಿಕೆಯನ್ನಾದರೂ ಹೊಲಿದು ಕಲಿಯಲಿ. ಹತ್ತಿಯ ಬಟ್ಟೆಯನ್ನೇ ಆರಿಸಲಿ. ಒಂದು ವರ್ಷ ತುಂಬದ ಕೂಸು ಮಲಗಿರುವಾಗ ಸಡಿಲವಾದ ಹೊದಿಕೆಯನ್ನು ಅದರ ಬಳಿ ಇಡಬಾರದೆಂದು ಇಂದಿನ ವೈದ್ಯರು ಎಚ್ಚರಿಸುತ್ತಾರೆ. ಆದುದರಿಂದ ಅದನ್ನು ಎಚ್ಚರವಿರುವ ಮಗುವನ್ನು ಆಡಿಸುವ ಹಾಸಾಗಿ, ಎತ್ತಿಕೊಳ್ಳುವಾಗ ಸುತ್ತುವ ಬಟ್ಟೆಯಾಗಿ ಬಳಸಲಿ.

ನೂರು ವರ್ಷಗಳಲ್ಲಿ ನಮ್ಮ ಇಗರ್ಜಿಯ ಗೋಡೆಗಳನ್ನು ಕಟ್ಟಿದವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆ ಗೋಡೆಗಳೊಳಗೆ ಜ್ಞಾನಸ್ನಾನ ಹೊಂದಿದ ಒಂದೊಂದು ಕೂಸನ್ನೂ ಬೆಚ್ಚಗಿಟ್ಟು ತಂದ, ಹೆಸರು ಬರೆಯದೆ ಹೋದ ತಾಯಂದಿರನ್ನೂ ಅಜ್ಜಿಯರನ್ನೂ ಅವರೊಡನೆ ನೆನೆಯುವುದು ನಮ್ಮ ಋಣ. ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರಿಗೆ ಅವರ ಕೆಲವು ಹೆಸರುಗಳಾದರೂ ನಮ್ಮ ಚೀಟಿಗಳಿಂದ ದೊರಕಲಿ ಎಂದು ಹಾರೈಸುತ್ತೇವೆ.