ಸುದ್ದಿ ಮಿಂಚಿದ ಕಾಲ: ‘ಬರ್ಕ್’ ಎಂಬ ಪದದ ಕಥೆ

ಹಳೆಯ ಅರಬಿ ಪತ್ರಿಕೆಗಳ ವರದಿಗಳಲ್ಲಿ ‘ಅಬ್ರಕ’ ಅನ್ನೋ ಕ್ರಿಯಾಪದ ನಿಮ್ಮ ಕಣ್ಣಿಗೆ ಬೀಳಬಹುದು. ನಿಘಂಟಿನಲ್ಲಿ ಅದರ ಮೂಲ ಅರ್ಥ ‘ಮಿಂಚಿತು’. ಸುದ್ದಿಯಲ್ಲಿ ಮಾತ್ರ ಅರ್ಥ ಬೇರೆ: ‘ತಂತಿ ಕಳಿಸಿದ’. ಬಾತ್ಮೀದಾರ ಮಿಂಚಿದ ಅಂದ್ರೆ ಟೆಲಿಗ್ರಾಂ ಕೊಟ್ಟ ಅಂತ.

ಇದರ ಬೇರು ‘ಬರ್ಕ್’, ಅಂದರೆ ಮಿಂಚು. ‘ಬುರಾಕ್’ ಹೆಸರೂ ಇದೇ ಬೇರಿನದು. ‘ಬರಕತ್’ ಮಾತ್ರ ಇದಕ್ಕೆ ಸೇರಿದ್ದಲ್ಲ. ಅದರಲ್ಲಿರುವುದು ‘ಕಾಫ್’ ಅಕ್ಷರ, ಇದರಲ್ಲಿರುವುದು ‘ಕಾಫ್’ಗಿಂತ ಗಂಟಲಿನಿಂದ ಬರುವ ಇನ್ನೊಂದು ಅಕ್ಷರ. ಕನ್ನಡದಲ್ಲಿ ಎರಡನ್ನೂ ‘ಕ’ ಅಂತಲೇ ಬರೀತೀವಿ, ಹಾಗಾಗಿ ವ್ಯತ್ಯಾಸ ಕಾಣೋದಿಲ್ಲ.

ಟೆಲಿಗ್ರಾಫ್ ಬಂದಾಗ ಒಂದೊಂದು ಭಾಷೆ ಒಂದೊಂದು ದಾರಿ ಹಿಡಿಯಿತು. ಕನ್ನಡ ತಂತಿಯನ್ನು ನೋಡಿತು: ‘ತಂತಿ ಹೊಡೆದರು’, ‘ತಂತಿ ಬಂತು’. ಅರಬಿ ಮಿಂಚನ್ನು ನೋಡಿತು: ಟೆಲಿಗ್ರಾಂ ‘ಬರ್ಕಿಯ್ಯ’ ಆಯಿತು. ಉರ್ದು ಎರಡನ್ನೂ ಜೋಡಿಸಿ ‘ತಾರ್ ಬರ್ಕಿ’ ಅಂದಿತು. ಇಂಗ್ಲಿಷ್ ಪತ್ರಿಕೆಗಳೂ ಸುದ್ದಿ ‘ಫ್ಲ್ಯಾಶ್’ ಆಯಿತು ಅಂತಲೇ ಬರೆದವು.

ನಿಜವಾಗಿ ಬೆಳಕಿನಿಂದಲೇ ಸಂದೇಶ ಹೋದದ್ದೂ ಉಂಟು. ಹೆನ್ರಿ ಮ್ಯಾನ್ಸ್ ಎಂಬ ಟೆಲಿಗ್ರಾಫ್ ಇಲಾಖೆಯ ಅಧಿಕಾರಿ ಹೀಲಿಯೊಗ್ರಾಫ್ ಎಂಬ ಉಪಕರಣ ರೂಪಿಸಿದ. ಕನ್ನಡಿಗೆ ಬಿದ್ದ ಬಿಸಿಲನ್ನು ದೂರದ ಗುಡ್ಡಕ್ಕೆ ಮಿನುಗಿಸಿ ಮೋರ್ಸ್ ಸಂಕೇತ ಕಳಿಸೋದು ಅದರ ಕೆಲಸ. 1878-80ರ ಎರಡನೇ ಅಫ್ಘಾನ್ ಯುದ್ಧದಲ್ಲಿ ಬ್ರಿಟಿಷ್ ಸೇನೆ ಇದನ್ನು ಬಳಸಿತು. ಮೋಡ ಕವಿದರೆ ಮಾತು ನಿಂತಿತು! ತಂತಿಯೊಳಗೆ ಓಡುವುದು ಕಣ್ಣಿಗೆ ಕಾಣದ ವಿದ್ಯುತ್ತು. ಆದರೂ ‘ಮಿಂಚು’ ಅನ್ನೋ ಹೆಸರು ಅದಕ್ಕೂ ಅಂಟಿಕೊಂಡಿತು.

ಈ ಪದ ಒಂದು ವಿಷಯವನ್ನು ನಮ್ಮಿಂದ ಮುಚ್ಚಿಡುತ್ತದೆ. 1865ರಲ್ಲಿ ಪರ್ಷಿಯನ್ ಕೊಲ್ಲಿಯ ಕೇಬಲ್ ಮತ್ತು ಉಸ್ಮಾನಿ ಸಾಮ್ರಾಜ್ಯದ ತಂತಿಗಳ ಮೂಲಕ ಹಿಂದೂಸ್ತಾನ ಯುರೋಪಿಗೆ ಜೋಡಣೆಯಾಯಿತು. ದಾರಿಯುದ್ದಕ್ಕೂ ನಿಲ್ದಾಣಗಳು. ಒಂದು ಕಡೆ ಗುಮಾಸ್ತ ಸಂದೇಶ ಪಡೆದು ಬರೆದುಕೊಳ್ಳಬೇಕು, ಮತ್ತೆ ಮುಂದಕ್ಕೆ ಕಳಿಸಬೇಕು. ಇಂಗ್ಲಿಷ್ ಬಾರದ ಕೈಗಳಲ್ಲಿ ಇಂಗ್ಲಿಷ್ ಪದಗಳು ಕೆಡುತ್ತಿದ್ದವು. ಸಂದೇಶ ತಲುಪಲು ದಿನಗಳೇ ಹಿಡಿಯುತ್ತಿದ್ದವು. 1870ರಲ್ಲಿ ಮುಂಬೈಯಿಂದ ಏಡನ್, ಸೂಯೆಜ್ ಕಡೆಗೆ ಸಮುದ್ರದಡಿಯ ಕೇಬಲ್ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ‘ಮಿಂಚಿತು’ ಅನ್ನೋ ಒಂದು ಪದದ ಹಿಂದೆ ಎಷ್ಟು ಕೈ, ಎಷ್ಟು ಕಾಯುವಿಕೆ, ಎಷ್ಟು ತಪ್ಪು ಇತ್ತು ನೋಡಿ.

ಇನ್ನೊಂದು ಪ್ರಶ್ನೆ: ತಂತಿ ಯಾರ ಕೈಯಲ್ಲಿತ್ತು? 1857ರ ಮೇ 11ರಂದು ದೆಹಲಿಯ ದಂಗೆಯ ಸುದ್ದಿ ತಂತಿಯಲ್ಲಿ ಅಂಬಾಲಕ್ಕೆ ಹೋಯಿತು, ಅಲ್ಲಿಂದ ಲಾಹೋರಿಗೆ. ಮೇ 13ಕ್ಕೇ ಲಾಹೋರ್ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಸಿಪಾಯಿಗಳ ಆಯುಧ ಕಿತ್ತುಕೊಂಡರು. ಅದೇ ದೆಹಲಿಯಲ್ಲಿ ಮೌಲ್ವಿ ಮುಹಮ್ಮದ್ ಬಾಕಿರ್ ‘ದೆಹಲಿ ಉರ್ದು ಅಖ್ಬಾರ್’ ನಡೆಸುತ್ತಿದ್ದರು. ಕಣ್ಣೆದುರಿನ ಘಟನೆಗಳನ್ನು ಬರೆದರು. ಆದರೆ ಸರ್ಕಾರದ ತಂತಿ ಅವರದ್ದಾಗಿರಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಅವರನ್ನು ಕೊಂದರು. ದೂರದ ಲೋಕಕ್ಕೆ ಮೊದಲು ತಲುಪಿದ್ದು ತಂತಿ ಇದ್ದವರ ಮಾತು. ಮೊದಲು ತಲುಪಿದ್ದೆಲ್ಲ ಪೂರ್ತಿ ಸತ್ಯ ಆಗಬೇಕಾಗಿಲ್ಲ, ಅಲ್ವಾ?

ಅರಬಿಯಲ್ಲಿ ಗುಡುಗಿನ ಜೊತೆ ಸೇರಿದಾಗ ‘ಅಬ್ರಕ’ಗೆ ‘ಬೆದರಿಸಿದ’ ಎಂಬ ಅರ್ಥವೂ ಇದೆ. ಉರ್ದು ಗಜಲ್‌ಗಳಲ್ಲಿ ‘ಬರ್ಕ್’ ಹಕ್ಕಿಯ ಗೂಡನ್ನು ಸುಡುವ ಸಿಡಿಲು. ನಮ್ಮ ಮನೆಗಳಲ್ಲೂ ‘ತಾರ್ ಆಯಾ’ ಅಂದ್ರೆ ಹಿರಿಯರಿಗೆ ಎದೆ ಧಸಕ್ ಅನ್ನುತ್ತಿತ್ತು, ಯಾರದ್ದೋ ಸಾವಿನ ಸುದ್ದಿ ಇರಬಹುದು ಅಂತ. ಊರು ಬಿಟ್ಟು ಮುಂಬೈ, ಪುಣೆ ಸೇರಿದವರಿಗೆ ಈ ಭಯ ಚೆನ್ನಾಗಿ ಗೊತ್ತು. 2013ರ ಜುಲೈಯಲ್ಲಿ ಭಾರತದ ತಂತಿ ಸೇವೆ ನಿಂತಿತು. ಮಿಂಚು ಮಾತ್ರ ಹೋಗಲಿಲ್ಲ. ಇ-ಮೇಲ್‌ಗೆ ಕನ್ನಡ ಇಟ್ಟ ಹೆಸರು ‘ಮಿಂಚಂಚೆ’. ಅರಬಿ ಹಿಡಿದ ದಾರಿಯನ್ನು ಕನ್ನಡ ತಡವಾಗಿ ಹಿಡಿಯಿತು ಅನ್ನಿ.

ಪ್ರಿಯ ವಿದ್ಯಾರ್ಥಿಗಳೇ, ಹಳೆಯ ಪತ್ರಿಕೆ ಓದುವಾಗ ‘ತಾರ್’, ‘ಬರ್ಕಿಯ್ಯ’ ಎಂದು ಕಂಡರೆ ಅಲ್ಲೇ ನಿಲ್ಲಿ. ಸುದ್ದಿ ಯಾವ ಊರಿನಿಂದ ಹೊರಟಿತು, ಯಾವ ದಿನ, ಕಳಿಸಿದವರು ಯಾರು, ತಂತಿ ಇಲ್ಲದವರು ಏನು ಹೇಳಿದ್ದರು ಅಂತ ಹುಡುಕಿ. ಇದೇ ನಾಲ್ಕು ಪ್ರಶ್ನೆಗಳನ್ನು ಇವತ್ತು ಮೊಬೈಲ್‌ನಲ್ಲಿ ಮಿಂಚುವ ಸುದ್ದಿಗೂ ಕೇಳಿ. ಮಿಂಚು ದಾರಿ ತೋರಿಸೋದು ಒಂದು ಕ್ಷಣ ಮಾತ್ರ. ನಡೆಯೋಕೆ ದೀಪ ಬೇಕು.