ಅಖಂಡ ಅರಣ್ಯ

‘ಖಂಡ’ ಎಂದರೆ ತುಂಡು, ತುಂಡಾಗದ್ದು ಅಖಂಡ. ‘ಇಂಟ್ಯಾಕ್ಟ್ ಫಾರೆಸ್ಟ್ ಲ್ಯಾಂಡ್‌ಸ್ಕೇಪ್’ ಎಂಬುದಕ್ಕೆ ‘ಅಖಂಡ ಅರಣ್ಯ’ ಒಪ್ಪುವ ಮಾತು. ಇಂಗ್ಲಿಷಿನ ‘ಇಂಟ್ಯಾಕ್ಟ್’ ಪದದ ಲ್ಯಾಟಿನ್ ಮೂಲಕ್ಕೆ ‘ಮುಟ್ಟದ’ ಎಂಬರ್ಥ. ಇಂಥ ಕಾಡನ್ನು ಗುರುತಿಸುವ ನಕ್ಷೆಕಾರರು ಹುಡುಕುವುದು ಕಾಡು ತುಂಡಾದ ಗುರುತನ್ನೇ ಆದ್ದರಿಂದ ಕನ್ನಡದ್ದೇ ಹೆಚ್ಚು ಸರಿ. ಅಖಂಡ ಅರಣ್ಯ ಎನಿಸಲು ಕನಿಷ್ಠ 500 ಚದರ ಕಿ.ಮೀ. ವಿಸ್ತಾರ, 10 ಕಿ.ಮೀ. ಅಗಲ ಇರಬೇಕು. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ರಸ್ತೆ ಕೂದಲೆಳೆಯಂತೆ ಕಂಡರೂ ಸಾಕು, ಅದರ ಎರಡೂ ಬದಿಯ ಒಂದೊಂದು ಕಿ.ಮೀ. ಕಾಡು ಲೆಕ್ಕದಿಂದ ಹೊರಗೆ. ಎಲ್ಲೆಡೆ ಮರವೇ ಇರಬೇಕೆಂದಿಲ್ಲ. ನಡುವಿನ ಕೆರೆ, ಜೌಗು, ಹುಲ್ಲುಗಾವಲೂ ಸೇರುತ್ತವೆ. ಹಿಂದೆಂದೋ ನಡೆದ ಕುಮರಿ ಬೇಸಾಯವೂ ಅಡ್ಡಿಯಲ್ಲ. ಅಮೆಜಾನ್, ಕಾಂಗೊ, ರಷ್ಯಾ, ಕೆನಡಾದ ಕಾಡುಗಳೇ ಜಗತ್ತಿನ ಅಖಂಡ ಅರಣ್ಯದಲ್ಲಿ ಬಹುಪಾಲು. ಮಲೆನಾಡಿನ ಕಾನು, ಕೊಡಗಿನ ದೇವರಕಾಡು ಎಷ್ಟೇ ಹಳೆಯವಾದರೂ ಈ ಅಳತೆಗೆ ಚಿಕ್ಕವು.