ನಾಗರಮಡಿಯ ಕಾಲುದಾರಿ

ಕಾರವಾರದಿಂದ ತೆಂಕಣಕ್ಕೆ ಅಂಕೋಲೆಯ ಕಡೆಗೆ ಸಾಗುವ ಹೆದ್ದಾರಿಯು ಬಿಣಗಾ, ಅರಗಾ ಗ್ರಾಮಗಳನ್ನು ಹಾಯ್ದು ಚೆಂಡಿಯಾಕ್ಕೆ ಬರುವದು. ಪಡುವಣದಲ್ಲಿ ಸಮುದ್ರ, ಮೂಡಣದಲ್ಲಿ ಸಹ್ಯಾದ್ರಿಯ ಕಾಡುಬೆಟ್ಟ. ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೆಂಗು, ಮನೆಗಳು. ಊರಿನ ಬೆನ್ನಿಗಿರುವ ಕಣಿವೆಯಲ್ಲಿ ನಾಗರಮಡಿ ಎಂಬ ಜಲಪಾತವುಂಟು. ಬಂಡೆಗಳ ಸಂದಿನಿಂದ ಇಳಿದ ನೀರು ಕೆಳಗೆ ಮಡುವಾಗಿ ನಿಲ್ಲುವದು. ಹಳ್ಳದ ಬದಿಯನ್ನು ಹಿಡಿದು ಕಲ್ಲು ಬೇರುಗಳನ್ನು ಮೆಟ್ಟುತ್ತ ಕಾಡಿನೊಳಗೆ ಹೋಗುವ ಕಾಲುದಾರಿಯಿಂದ ಅಲ್ಲಿಗೆ ತಲುಪಬೇಕು. ರಜೆಯ ದಿನಗಳಲ್ಲಿ ಈ ದಾರಿಯನ್ನು ಹಿಡಿದು ಹೋಗುವವರು ಅನೇಕರು. ಆದರೆ ಇಂಥ ದಾರಿಗಳನ್ನು ಮೊದಲು ತುಳಿದವರು ಯಾರು, ಏತಕ್ಕಾಗಿ ತುಳಿದರು ಎಂದು ಕೇಳುವವರು ವಿರಳ. ಈ ಪ್ರಶ್ನೆಯು ಕೇವಲ ಕುತೂಹಲದ್ದಲ್ಲ. ಬೆಟ್ಟದ ಬುಡದಲ್ಲಿ ಬಾಳುವ ಸಾವಿರಾರು ಕುಟುಂಬಗಳ ಭೂಮಿಯ ಹಕ್ಕು ಇದಕ್ಕೆ ಕೊಡುವ ಉತ್ತರವನ್ನು ಅವಲಂಬಿಸಿರುವದು.

ಈ ಜಿಲ್ಲೆಯ ದೊಡ್ಡ ರಸ್ತೆಗಳ ಚರಿತ್ರೆಯು ಕಾಗದದ ಮೇಲಿದೆ. ೧೭೯೯ರಲ್ಲಿ ಟಿಪ್ಪುಸುಲ್ತಾನನ ಪತನದ ತರುವಾಯ ಕಾನಡಾ ಸೀಮೆಯು ಕಂಪನಿ ಸರಕಾರದ ವಶವಾಯಿತು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಕರಾವಳಿಯಲ್ಲಿ ಸಂಚರಿಸಿ ಬೆಳೆ, ಜಾತಿ, ತೆರಿಗೆಗಳನ್ನು ಕುರಿತು ಬರೆದಿಟ್ಟನು. ೧೮೬೨ರಲ್ಲಿ ಉತ್ತರ ಕಾನಡಾ ಜಿಲ್ಲೆಯನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಅಮೇರಿಕೆಯ ಅಂತರ್ಯುದ್ಧದಿಂದ ಹತ್ತಿಯ ಕೊರತೆಯುಂಟಾದ ಕಾಲವದು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರ ಬಂದರದಿಂದ ಸಾಗಿಸಬೇಕೆಂಬುದು ಆ ಬದಲಾವಣೆಯ ಮುಖ್ಯ ಉದ್ದೇಶಗಳಲ್ಲೊಂದು. ಹೀಗೆ ಬಂಡಿಯ ರಸ್ತೆಗಳಿಗೆ ನಕಾಶೆ, ಖರ್ಚಿನ ಲೆಕ್ಕ, ಅಧಿಕಾರಿಯ ರುಜು ಎಲ್ಲವೂ ದೊರೆತವು. ಕಾಡಿನ ಕಾಲುದಾರಿಗೆ ಇವೊಂದೂ ದೊರೆಯಲಿಲ್ಲ. ಅದು ನಡೆಯುವವರ ಅವಶ್ಯಕತೆಯಿಂದ ಹುಟ್ಟಿತು; ಅವರು ನಡೆಯುವದನ್ನು ಬಿಟ್ಟರೆ ಎರಡು ಮೂರು ಮಳೆಗಾಲಗಳಲ್ಲಿ ಮುಚ್ಚಿಹೋಗುವದು.

ಆ ಅವಶ್ಯಕತೆಗಳಾದರೂ ಎಂಥವು? ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ಮನೆಗೆ ಬಿದಿರು, ದನಗಳಿಗೆ ಮೇವು. ಋತುವಿಗೆ ತಕ್ಕಂತೆ ಮುರುಗಲು, ವಾಟೆಹುಳಿ, ಸೀಗೆ, ಜೇನು. ಇವಲ್ಲದೆ ಹಿಂದಿನ ಕಾಲದಲ್ಲಿ ಕುಮರಿ ಬೇಸಾಯವೊಂದಿತ್ತು. ಮಳೆ ನಿಂತ ಬಳಿಕ ಬೆಟ್ಟದ ಇಳಿಜಾರಿನ ಗಿಡಮರಗಳನ್ನು ಕಡಿದು ಒಣಗಿಸಿ, ಬೇಸಿಗೆಯ ಕೊನೆಗೆ ಸುಟ್ಟು, ಬೂದಿಯಲ್ಲಿ ರಾಗಿ ಮುಂತಾದವನ್ನು ಬಿತ್ತುವ ಪದ್ಧತಿಯಿದು. ಒಂದೆರಡು ವರ್ಷ ಬೆಳೆ ತೆಗೆದು ಆ ನೆಲವನ್ನು ಅನೇಕ ವರ್ಷಗಳವರೆಗೆ ಕಾಡಿಗೆ ಬಿಡುತ್ತಿದ್ದರು. ಕುಮರಿಯ ನೆಲ ಬದಲಾದಂತೆ ದಾರಿಯೂ ಹೊಸ ಕವಲೊಡೆಯುತ್ತಿತ್ತು. ಸದಾಕಾಲ ನೀರಿರುವ ಮಡು, ನೆರಳಿರುವ ಬಂಡೆ, ನಾಗರಕಲ್ಲು, ದೇವರ ಬನ ಇವೇ ಇಂಥ ದಾರಿಗಳ ಗುರುತುಗಳು. ನಾಗರಮಡಿ ಎಂಬ ಹೆಸರಿನಲ್ಲಿಯೂ ನಾಗರನಿರುವದನ್ನು ವಾಚಕರು ಗಮನಿಸಬೇಕು.

ಕಾರವಾರದಿಂದ ಹೊನ್ನಾವರದವರೆಗೆ ಬೆಟ್ಟದ ಬುಡದುದ್ದಕ್ಕೂ ಹರಡಿಕೊಂಡಿರುವ ಸಮಾಜಗಳಲ್ಲಿ ಹಾಲಕ್ಕಿ ಒಕ್ಕಲಿಗರದು ಮುಖ್ಯವಾದುದು. ಪಾರ್ವತಿಯು ಹಾಲು ಅಕ್ಕಿಗಳಿಂದ ಮಾಡಿದ ಬೊಂಬೆಗೆ ಶಿವನು ಜೀವ ಕೊಟ್ಟನೆಂಬುದು ಅವರ ಮೂಲವನ್ನು ಹೇಳುವ ಕಥೆ. ಅವರ ಕೇರಿಗೆ ಕೊಪ್ಪವೆಂದು ಹೆಸರು. ಗೌಡ, ಬುದವಂತ, ಕೋಲಕಾರ ಎಂಬ ಪ್ರಮುಖರು ಊರಿನ ನ್ಯಾಯವನ್ನೂ ಹಬ್ಬಹುಣ್ಣಿಮೆಗಳನ್ನೂ ನಡೆಯಿಸುವರು. ಫಾಲ್ಗುಣದಲ್ಲಿ ತಲೆಗೆ ತುರಾಯಿ ಕಟ್ಟಿ, ಗುಮಟೆ ಬಾರಿಸುತ್ತ ಸುಗ್ಗಿಯ ಮೇಳವು ಕೊಪ್ಪದಿಂದ ಕೊಪ್ಪಕ್ಕೆ ಹೋಗುವದು. ಮೇಳವು ಎಲ್ಲಿಂದ ಹೊರಟು ಯಾವ ಊರುಗಳನ್ನು ಮುಟ್ಟಬೇಕೆಂಬುದು ಹಿರಿಯರಿಂದ ಬಂದ ಕಟ್ಟಳೆ. ಹೀಗೆ ಕಾಡಿನ ದಾರಿಯು ಹೊಟ್ಟೆಪಾಡಿಗೆ ಹೇಗೋ ಹಾಗೆ ಬಂಧುತ್ವಕ್ಕೂ ದೈವಕ್ಕೂ ಸಾಧನವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ವ್ಯವಸ್ಥೆಗೆ ಪೆಟ್ಟು ಬಿದ್ದಿತು. ಹಡಗು, ರೈಲು ಮಾರ್ಗಗಳಿಗೆ ಮರವು ಬೇಕಾದಂತೆ ಸರಕಾರದ ದೃಷ್ಟಿಯು ಕಾಡಿನ ಕಡೆಗೆ ತಿರುಗಿತು. ಮದರಾಸು ಇಲಾಖೆಯ ಅರಣ್ಯಾಧಿಕಾರಿಯಾಗಿದ್ದ ಕ್ಲೆಗ್‌ಹಾರ್ನನು ಕುಮರಿಯಿಂದ ಬೆಲೆಬಾಳುವ ಮರಗಳು ನಾಶವಾಗುತ್ತಿವೆಯೆಂದು ವಾದಿಸಿದನು; ೧೮೬೦ರ ಸುಮಾರಿಗೆ ಅಪ್ಪಣೆಯಿಲ್ಲದೆ ಕುಮರಿ ಮಾಡಕೂಡದೆಂದು ನಿರ್ಬಂಧವಾಯಿತು. ೧೮೭೮ರ ಅರಣ್ಯ ಕಾಯಿದೆಯು ಕಾಡನ್ನು ಮೀಸಲು, ರಕ್ಷಿತ, ಗ್ರಾಮ ಎಂಬ ವರ್ಗಗಳಾಗಿ ವಿಂಗಡಿಸಿತು. ಮೀಸಲು ಕಾಡಿನಲ್ಲಿ ಕಾಲಿಡುವದಕ್ಕೂ ಕಾಯಿದೆಯ ಮಿತಿ ಬಂದಿತು. ಇಲ್ಲೊಂದು ಭೇದವನ್ನು ಗುರುತಿಸಬೇಕು. ಖಾತೆಯಲ್ಲಿ ಅಡಿಕೆಯ ತೋಟವಿದ್ದವರಿಗೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆಯಿತು. ಘಟ್ಟದ ಮೇಲೆ ಎಕರೆ ತೋಟಕ್ಕೆ ೯ ಎಕರೆಯವರೆಗೂ ಬೆಟ್ಟವನ್ನು ಗೊತ್ತುಪಡಿಸಲಾಯಿತು. ಕುಮರಿಯವನಿಗೆ ಖಾತೆಯಿರಲಿಲ್ಲ. ಅವನ ತಲೆಮಾರುಗಳ ರೂಢಿಯು ಒಂದೇ ಕಾಯಿದೆಯಿಂದ ಅಪರಾಧವಾಯಿತು.

ಆಳುವವರಲ್ಲಿಯೂ ಇದರ ಅನ್ಯಾಯವನ್ನು ಕಂಡವರಿದ್ದರು. ೧೯೨೧ರ ಸುಮಾರಿಗೆ ಕರಾವಳಿಯ ಅರಣ್ಯವ್ಯವಸ್ಥೆಯನ್ನು ಪರಿಶೀಲಿಸಿದ ಕಾಲಿನ್ಸ್ ಎಂಬ ಅಧಿಕಾರಿಯು ಕುಮಟಾ ತಾಲೂಕಿನ ಹಳಕಾರ, ಕಲ್ಲಬ್ಬೆ, ಮೂರೂರು ಗ್ರಾಮಗಳ ಜನರು ತಮ್ಮ ಕಾಡನ್ನು ತಾವೇ ಚೆನ್ನಾಗಿ ಕಾಪಾಡಿಕೊಂಡಿರುವದನ್ನು ಮೆಚ್ಚಿಕೊಂಡನು. ಅಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳು ಏರ್ಪಟ್ಟವು. ಕಾಡಿನೊಡನೆ ಬಾಳುವವರೇ ಅದನ್ನು ಉಳಿಸಬಲ್ಲರೆಂಬುದಕ್ಕೆ ಜಿಲ್ಲೆಯಲ್ಲಿಯೇ ದೃಷ್ಟಾಂತವಿತ್ತೆಂಬುದು ಇದರಿಂದ ಸ್ಪಷ್ಟವಾಗುವದು. ಆದರೆ ಈ ಏರ್ಪಾಡು ಬೆಟ್ಟದ ಸಾಲಿನಲ್ಲಿ ಉಳಿದೆಡೆಗೆ ಹೆಚ್ಚಾಗಿ ಹಬ್ಬಲಿಲ್ಲ.

ಸ್ವಾತಂತ್ರ್ಯದ ನಂತರ ಚೆಂಡಿಯಾದ ಸುತ್ತಿನ ಸೀಮೆಗೆ ಬಂದ ದೊಡ್ಡ ಬದಲಾವಣೆಯು ಸಮುದ್ರದ ಕಡೆಯಿಂದ ಬಂದಿತು. ೧೯೮೬ರ ಅಕ್ಟೋಬರದಲ್ಲಿ ‘ಸೀಬರ್ಡ್’ ನೌಕಾನೆಲೆಗೆ ಅಸ್ತಿಭಾರ ಬಿದ್ದಿತು. ೨೦೦೫ರ ಮೇ ೩೧ರಂದು ‘ಕದಂಬ’ವೆಂಬ ಹೆಸರಿನಿಂದ ಅದು ನೌಕಾದಳದ ಸೇವೆಗೆ ಸೇರಿತು. ಇದಕ್ಕಾಗಿ ಕಾರವಾರ ಅಂಕೋಲೆ ತಾಲೂಕುಗಳಲ್ಲಿ ೧೧ ಸಾವಿರ ಎಕರೆಗೂ ಮಿಕ್ಕಿ ಭೂಮಿಯು ಹೋಯಿತು; ಸಾವಿರಾರು ಕುಟುಂಬಗಳು ಮನೆಮಠಗಳನ್ನು ಬಿಟ್ಟೆದ್ದವು. ಪಡುವಣದಲ್ಲಿ ಕಡಲಿನ ದಾರಿಯು ಹೀಗೆ ಮುಚ್ಚಿದ ಮೇಲೆ ಮೂಡಣದ ಬೆಟ್ಟದ ಮೇಲಣ ಅವಲಂಬನವು ಇನ್ನಷ್ಟು ಹೆಚ್ಚಿತು. ಆ ಬೆಟ್ಟವಾದರೋ ಅರಣ್ಯ ಖಾತೆಯದು.

೨೦೦೬ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯಿದೆಯನ್ನು ಮಾಡಿತು. ಅರಣ್ಯವಾಸಿಗಳಿಗೆ ಹಿಂದೆ ಆದ ಅನ್ಯಾಯವನ್ನು ಪರಿಹರಿಸುವದೇ ತನ್ನ ಉದ್ದೇಶವೆಂದು ಕಾಯಿದೆಯೇ ಹೇಳಿಕೊಂಡಿದೆ. ಆದರೆ ಅದರಲ್ಲಿ ಎರಡು ಪಂಕ್ತಿಗಳುಂಟು. ಪರಿಶಿಷ್ಟ ಪಂಗಡದವರು ೨೦೦೫ರ ಡಿಸೆಂಬರ ೧೩ಕ್ಕೆ ಮುಂಚಿನಿಂದ ಅಲ್ಲಿರುವದನ್ನು ತೋರಿಸಿದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ ೭೫ ವರ್ಷಗಳ ವಾಸವನ್ನು ಸಿದ್ಧಪಡಿಸಬೇಕು. ಸಿದ್ದಿಗಳು ೨೦೦೩ರಲ್ಲಿ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳನ್ನು ಸೇರಿಸಬೇಕೆಂಬ ಬೇಡಿಕೆಯು ಹಳೆಯದಾದರೂ ಈಡೇರಿಲ್ಲ. ಆದುದರಿಂದ ಅವರು ೧೯೩೦ಕ್ಕೆ ಹಿಂದಿನ ಸಾಕ್ಷಿಯನ್ನು ತರಬೇಕಾಗುವದು. ೧೯೩೦ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದ ವರ್ಷ. ಆ ಸತ್ಯಾಗ್ರಹಕ್ಕೆ ಪತ್ರಿಕೆಗಳ ವರದಿಗಳೂ ನ್ಯಾಯಾಲಯದ ಕಡತಗಳೂ ಇವೆ. ಅದೇ ವರ್ಷ ಬೆಟ್ಟದಿಂದ ಸೌದೆಯ ಹೊರೆ ಹೊತ್ತು ಇಳಿದ ಹೆಂಗಸಿನ ಹೆಸರನ್ನು ಬರೆದುಕೊಂಡವರಿಲ್ಲ. ಈ ಜಿಲ್ಲೆಯಲ್ಲಿ ಪಂಗಡೇತರರ ಬಹುಸಂಖ್ಯೆಯ ಅರ್ಜಿಗಳು ೭೫ ವರ್ಷಗಳ ದಾಖಲೆಯಿಲ್ಲವೆಂಬ ಕಾರಣದಿಂದಲೇ ತಿರಸ್ಕೃತವಾದವು.

ಇಲ್ಲಿ ವಿಚಾರಿಸತಕ್ಕ ಸಂಗತಿಯೊಂದಿದೆ. ಇದೇ ಕಾಯಿದೆಯ ನಿಯಮಗಳು ಸರಕಾರಿ ಕಾಗದವನ್ನಷ್ಟೇ ಸಾಕ್ಷಿಯೆಂದು ಎಣಿಸಿಲ್ಲ. ಕಟ್ಟಿದ ಒಡ್ಡು, ಸಮಮಾಡಿದ ನೆಲ, ಹಳೆಯ ಬಾವಿ, ಸ್ಮಶಾನ, ಪೂಜಾಸ್ಥಾನ, ವಂಶಾವಳಿ, ಹಿರಿಯರು ಹೇಳಿ ಬರೆಯಿಸಿದ ಹೇಳಿಕೆ ಇವೆಲ್ಲವನ್ನೂ ಸಾಕ್ಷಿಯಾಗಿ ಒಪ್ಪಿವೆ. ಅಂದಮೇಲೆ ಕಾಲುದಾರಿಯು ಮುಟ್ಟುವ ನಾಗರಕಲ್ಲು, ದೇವರ ಬನ, ಕುಮರಿಯ ನೆಲ ಇವು ಹಕ್ಕಿನ ಪುರಾವೆಗಳಾಗಬಲ್ಲವು. ದಾರಿಯನ್ನು ಬಲ್ಲ ಹಿರಿಯರ ಮಾತನ್ನು ಬರೆದುಕೊಂಡಾಗಲೇ ಈ ಪುರಾವೆಗಳಿಗೆ ಬಲ ಬರುವದು.

ಇಂಥ ಪ್ರಶ್ನೆಯು ಬೇರೆ ದೇಶಗಳಲ್ಲಿಯೂ ಎದ್ದಿದೆ. ಆಸ್ಟ್ರೇಲಿಯದ ಪಶ್ಚಿಮದ ಮರುಭೂಮಿಯಲ್ಲಿ ಙುರ‍್ರಾರ ಎಂಬ ಸೀಮೆಯ ಮೂಲನಿವಾಸಿಗಳು ೧೯೯೭ರಲ್ಲಿ ತಮ್ಮ ನೀರುಗುಂಡಿಗಳನ್ನೂ ಅವುಗಳ ಸಂಬಂಧವನ್ನೂ ದೊಡ್ಡದೊಂದು ಬಟ್ಟೆಯ ಮೇಲೆ ಚಿತ್ರಿಸಿ, ಭೂಮಿಯ ಹಕ್ಕಿಗೆ ಸಾಕ್ಷಿಯೆಂದು ಮಂಡಿಸಿದರು. ೨೦೦೭ರಲ್ಲಿ ಅವರ ಹಕ್ಕು ಮಾನ್ಯವಾಯಿತು. ಅದೇ ದೇಶದ ಜೂಕನ್ ಕಂದರದ ಗತಿ ಬೇರೆಯಾಯಿತು. ಸುಮಾರು ೪೬ ಸಾವಿರ ವರ್ಷಗಳ ಮಾನವ ವಾಸದ ಗುರುತುಗಳಿದ್ದ ಅಲ್ಲಿನ ಕಲ್ಲಾಸರೆಗಳನ್ನು ೨೦೨೦ರ ಮೇ ತಿಂಗಳಲ್ಲಿ ಕಬ್ಬಿಣದ ಅದಿರಿಗಾಗಿ ಸಿಡಿಸಲಾಯಿತು. ೨೦೧೩ರಲ್ಲಿ ದೊರೆತ ಸರಕಾರಿ ಅನುಮತಿಪತ್ರವು ಕೈಯಲ್ಲಿದ್ದುದರಿಂದ ಆ ಕೃತ್ಯವು ಅಲ್ಲಿನ ಕಾಯಿದೆಗೆ ವಿರುದ್ಧವಾಗಲಿಲ್ಲ.

ದಾರಿಯ ಜ್ಞಾನವು ಹಕ್ಕಿಗಷ್ಟೇ ಅಲ್ಲ, ಪ್ರಾಣಕ್ಕೂ ಬೇಕಾದುದು. ೨೦೧೭ರ ಸೆಪ್ಟೆಂಬರದಲ್ಲಿ ಗೋವೆಯಿಂದ ವಿಹಾರಕ್ಕೆ ಬಂದವರಲ್ಲಿ ಕೆಲವರು ಇದೇ ನಾಗರಮಡಿಯಲ್ಲಿ ಒಮ್ಮೆಲೆ ಏರಿದ ನೀರಿಗೆ ಸಿಕ್ಕಿ ತೀರಿಕೊಂಡರು. ಕೆಳಗೆ ಬಿಸಿಲಿದ್ದರೂ ಮೇಲಣ ಕಾಡಿನಲ್ಲಿ ಸುರಿದ ಮಳೆಯು ಇಕ್ಕಟ್ಟಾದ ಕಣಿವೆಯಲ್ಲಿ ಕ್ಷಣದಲ್ಲಿ ಇಳಿದುಬರಬಲ್ಲದು. ಹಳ್ಳದ ಬಣ್ಣ, ತೇಲಿಬರುವ ತರಗೆಲೆ, ದೂರದ ಸದ್ದು ಇವುಗಳಿಂದ ಅದನ್ನು ಊಹಿಸುವ ವಿದ್ಯೆಯು ಬೆಟ್ಟದಲ್ಲಿ ನಡೆದಾಡಿದವರದು.

ಅಂಥ ವಿದ್ಯೆಯನ್ನುಳ್ಳವರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವರು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಖಾತೆಯ ಸಸಿತೋಟದಲ್ಲಿ ದಿನಗೂಲಿಯಿಂದ ಆರಂಭಿಸಿ, ಬೀಜ ತೆಗೆಯತಕ್ಕ ತಾಯಿಮರವನ್ನು ಕಾಡಿನಲ್ಲಿ ಗುರುತಿಸುವದರಲ್ಲಿ ಅಸಮಾನರೆನಿಸಿದ್ದರು. ೨೦೨೪ರ ಡಿಸೆಂಬರದಲ್ಲಿ ಅವರು ತೀರಿಕೊಂಡರು. ನೂರಾರು ಹಾಡುಗಳನ್ನು ಕಂಠಸ್ಥವಾಗಿಟ್ಟುಕೊಂಡಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರು ೨೦೨೫ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇಬ್ಬರಿಗೂ ಪದ್ಮಶ್ರೀ ಪ್ರಶಸ್ತಿಯು ಸಂದಿತ್ತು. ಅವರ ಸಮಾಜದ ಅರ್ಜಿಗಳಿಗೆ ಮಾತ್ರ ಇನ್ನೂ ದಾಖಲೆಯನ್ನು ಕೇಳಲಾಗುತ್ತಿದೆ.

ಜಿಲ್ಲೆಯ ವಿದ್ಯಾವಂತರೂ ಸಾಹಿತ್ಯಸಂಘಗಳೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸವು ಕಠಿಣವಾದುದಲ್ಲ. ಕೊಪ್ಪಕೊಪ್ಪಗಳ ಹಿರಿಯರನ್ನು ಕಂಡು ಯಾವ ದಾರಿಯು ಯಾವ ಮಡುವಿಗೆ, ಯಾವ ಬನಕ್ಕೆ, ಯಾರ ಅಜ್ಜನ ಕುಮರಿಗೆ ಹೋಗುತ್ತಿತ್ತೆಂದು ಕೇಳಿ, ಅವರ ಮಾತಿನಲ್ಲಿಯೇ ಬರೆದು, ಅವರಿಂದ ಸಹಿ ಹಾಕಿಸಿ ಇಡಬೇಕು. ಅದು ಚರಿತ್ರೆಗೆ ಸಾಮಗ್ರಿಯಾಗುವದು. ಹಕ್ಕಿನ ಅರ್ಜಿಗೆ ಕಾಯಿದೆಯು ಒಪ್ಪಿದ ಸಾಕ್ಷಿಯೂ ಆಗುವದು. ೧೯೩೦ರ ಕಾಲವನ್ನು ಕಂಡವರು ಈಗ ಬೆರಳೆಣಿಕೆಯಷ್ಟೂ ಉಳಿದಿರಲಾರರು. ಅವರಿಂದ ಕೇಳಿ ತಿಳಿದ ಮಕ್ಕಳೂ ಮುಪ್ಪಿಗೆ ಬಂದಿರುವರು. ಈ ಕೆಲಸಕ್ಕೆ ಇನ್ನು ಹೆಚ್ಚು ಮಳೆಗಾಲಗಳ ಅವಕಾಶವಿಲ್ಲ.